ರಾಗಿ ತುಳಿಸಿದ ಸ್ಕೂಲ್ ಬಸ್ಸು

ಶಾಲೆಯಲ್ಲಿ ನನಗೊಂದು ಅಡ್ಡಹೆಸರಿತ್ತು: ಹೋಲ್ಡಾನ್ ಮಿಸ್ಸು. ಎದುರಿಗೆ ಹಾಗೆನ್ನುವ ಧೈರ್ಯ ಯಾವ ಮಗುವಿಗೂ ಇರಲಿಲ್ಲ. ಬಸ್ಸಿನ ಬಾಗಿಲಲ್ಲಿ ಜೋತುಬಿದ್ದವನ ಕಿವಿ ಹಿಂಡುತ್ತಿದ್ದೆ. ಕಿಟಕಿಯಿಂದ ಕೈ ಹೊರಗೆ ಹಾಕಿದವಳ ಬೆರಳಿಗೆ ಸ್ಕೇಲಿನಿಂದ ಬಾರಿಸುತ್ತಿದ್ದೆ. ಇಳಿದ ಮೇಲೆ ಬಸ್ಸಿನ ಹಿಂದಕ್ಕೆ ಓಡಿದವರು ಮಾರನೆಯ ದಿನ ನಿಂತೇ ಬರಬೇಕು, ಸೀಟು ಖಾಲಿಯಿದ್ದರೂ ಕೂರುವಂತಿಲ್ಲ. ತಂದೆತಾಯಿಗಳಿಗೆ ಇದೆಲ್ಲ ಬಹಳ ಇಷ್ಟ. "ಆ ಟೀಚರಮ್ಮ ಬಸ್ಸಲ್ಲಿದ್ರೆ ಮಕ್ಕಳ ಚಿಂತೆ ಇಲ್ಲ ಬುಡಿ" ಎನ್ನುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನದು ಇನ್ನೂ ವಿಚಿತ್ರ, ಯಾರಾದರೂ ಹೊಗಳಿದರೆ ನಾನು ಹೆಗಲು ಮುಟ್ಟಿಕೊಳ್ಳುತ್ತಿದ್ದೆ.

ನಾನು ಹುಟ್ಟಿ ಬೆಳೆದದ್ದು ಮಾಲೂರು ತಾಲ್ಲೂಕಿನಲ್ಲಿ, ಶಿವಾರಪಟ್ಟಣಕ್ಕೆ ಹತ್ತಿರದ ಹಳ್ಳಿ. ಟೀಚರ್ ಟ್ರೈನಿಂಗ್ ಮುಗಿಸಿದ ವರ್ಷವೇ ಮದುವೆಯಾಗಿ ಯಲ್ದೂರಿನ ಕಡೆಯ ಒಂದು ಊರಿಗೆ ಸೊಸೆಯಾಗಿ ಬಂದೆ. ಮನೆಯಲ್ಲಿ ಅತ್ತೆ, ಭಾವ, ವಾರಗಿತ್ತಿ, ನನ್ನ ಗಂಡ. ರಾಗಿ ಹೊಲ, ಸ್ವಲ್ಪ ಹಿಪ್ಪುನೇರಳೆ, ಒಂದಿಷ್ಟು ಮಾವಿನ ಮರ. ವಾರಗಿತ್ತಿ ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು. ನಾನು ಅಕ್ಕ ಎನ್ನುತ್ತಿದ್ದೆ, ಅವಳು ಅಕ್ಕನ ಹಾಗೆಯೇ ಇದ್ದಳು. ನಾನು ಹೊಲದ ಕೆಲಸ ತಪ್ಪಿಸಿಕೊಂಡು ಸೀರೆ ನೆರಿಗೆ ಹಿಡಿದು ಕೆಲಸಕ್ಕೆ ಹೋಗುವಾಗ ಬೇರೆ ಮನೆಯಾಗಿದ್ದರೆ ಮೂತಿ ತಿರುವುತ್ತಿದ್ದರು. ಅಕ್ಕ ಮಾತ್ರ ಬುತ್ತಿ ಕಟ್ಟಿ ಕೈಗಿಡುತ್ತಿದ್ದಳು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಶ್ರೀನಿವಾಸಪುರದಲ್ಲಿ ಹೊಸದಾಗಿ ತೆರೆದಿದ್ದ ಖಾಸಗಿ ಶಾಲೆಯೊಂದರಲ್ಲಿ ನನಗೆ ಕೆಲಸ ಸಿಕ್ಕಿತು. ಶಾಲೆಯವರು ಕೋಲಾರದಿಂದ ಹಳೆಯ ಬಸ್ಸೊಂದನ್ನು ತಂದು ಹಳದಿ ಬಣ್ಣ ಬಳಿಸಿದ್ದರು. ಗೀಚಿದ ಕಡೆಯಲ್ಲೆಲ್ಲ ಒಳಗಿನ ನೀಲಿ ಇಣುಕುತ್ತಿತ್ತು. ಸ್ಕೂಲ್ ಬಸ್ಸು ಎಂಬುದೇ ನಮ್ಮ ಕಡೆ ಹೊಸದು. ದಾರಿಯ ಹಳ್ಳಿಗಳ ಮಕ್ಕಳು ಓದುವುದನ್ನು ಬಿಟ್ಟು ಅದನ್ನು ನೋಡಲು ಬರುತ್ತಿದ್ದರು. ನಮ್ಮೂರೇ ಕೊನೆಯ ಸ್ಟಾಪು. ಹೇಗೂ ಕೊನೆಯವರೆಗೆ ಬರುವವರು ನೀವೇ ತಾನೆ ಎಂದು ಹೆಡ್ಮಾಸ್ಟರು ಮಕ್ಕಳನ್ನು ಹತ್ತಿಸಿ ಇಳಿಸುವ ಜವಾಬ್ದಾರಿಯನ್ನು ನನಗೇ ಹಚ್ಚಿದರು.

ಆ ಕೆಲಸದಲ್ಲಿ ನನಗೆ ಜಂಬವಿತ್ತು, ಸುಳ್ಳು ಯಾಕೆ ಹೇಳಲಿ. ಮೆಟ್ಟಿಲು ಎತ್ತರವಾಗಿತ್ತು, ಚಿಕ್ಕವರನ್ನು ಸೊಂಟ ಹಿಡಿದು ಇಳಿಸುತ್ತಿದ್ದೆ. ಇಳಿದವರು ಒಬ್ಬರ ಕೈ ಒಬ್ಬರು ಹಿಡಿದು ಹೊಂಗೆಮರದ ಕೆಳಗೆ ನಿಲ್ಲಬೇಕು, ಬಸ್ಸು ತಿರುಗಿ ಹೋಗುವ ತನಕ ಕೈ ಬಿಡಬಾರದು. ಆಮೇಲೆ ನಾನು ಬಸ್ಸಿನ ಹಿಂದೆ ನಿಂತು ಬಾಡಿಯನ್ನು ತಟ್ಟುತ್ತ "ಬರ್ಲಿ, ಬರ್ಲಿ" ಎಂದು ಕೂಗಿ ರಿವರ್ಸ್ ಮಾಡಿಸಿ, ಸಾಕಾದಾಗ "ಹೋಲ್ಡಾನ್" ಎನ್ನುತ್ತಿದ್ದೆ. ರೂಟ್ ಬಸ್ಸಿನ ಕಂಡಕ್ಟರುಗಳನ್ನು ನೋಡಿ ಕಲಿತದ್ದು. ಸೊಸೆ ರಸ್ತೆಯಲ್ಲಿ ನಿಂತು ಗಂಡಸರ ಹಾಗೆ ಕೂಗುತ್ತಾಳೆಂದು ಅತ್ತೆಗೆ ಮೊದಮೊದಲು ನಾಚಿಕೆಯಾಗುತ್ತಿತ್ತು. ಬರಬರುತ್ತಾ ಅವರೂ ಜಗಲಿಯ ಮೇಲೆ ಕೂತು ಕೇಳಿ ನಗುತ್ತಿದ್ದರು.

ಡ್ರೈವರು ಮುಳಬಾಗಿಲಿನ ಆಚೆ, ಆಂಧ್ರದ ಗಡಿ ಕಡೆಯವನು. ಮಾತಾಡಿದರೆ ಅರ್ಧ ಕನ್ನಡ ಅರ್ಧ ತೆಲುಗು. ಒಳ್ಳೆಯ ಮನುಷ್ಯ, ಯಾರು ಏನು ಕೇಳಿದರೂ ಇಲ್ಲ ಎನ್ನುತ್ತಿರಲಿಲ್ಲ.

ಈಗ ರಾಗಿಯ ವಿಷಯ ಹೇಳಬೇಕು. ರಾಗಿ ಒಕ್ಕಣೆ ಎಂದರೆ ಮೊದಲೆಲ್ಲ ಸುಲಭದ ಕೆಲಸವಲ್ಲ. ಕಣ ಕೆತ್ತಿ, ನೀರು ಹಾಕಿ, ಸಗಣಿ ಸಾರಿಸಿ, ಎತ್ತುಗಳಿಗೆ ಕಲ್ಲಿನ ಗುಂಡು ಕಟ್ಟಿ ದಿನಗಟ್ಟಲೆ ಸುತ್ತಿಸಬೇಕು. ಟಾರು ರಸ್ತೆ ಬಂದದ್ದೇ ತಡ, ನಮ್ಮವರಿಗೆ ಸರ್ಕಾರವೇ ಉದ್ದನೆಯ ಕಣ ಮಾಡಿಕೊಟ್ಟಂತಾಯಿತು. ಸಂಕ್ರಾಂತಿ ಆಸುಪಾಸಿನಲ್ಲಿ ಕೋಲಾರದಿಂದ ಯಾವ ದಿಕ್ಕಿಗೆ ಹೋದರೂ ರಸ್ತೆ ಕಾಣುತ್ತಿರಲಿಲ್ಲ. ಮೊಳಕಾಲೆತ್ತರ ರಾಗಿ ಹರವಿರುತ್ತಿತ್ತು, ಇಲ್ಲವೇ ಹುರುಳಿ. ಹೋಗುವ ಬರುವ ಬಸ್ಸು ಲಾರಿಗಳೇ ಅದನ್ನು ತುಳಿದು ಕಾಳು ಉದುರಿಸಬೇಕು. ಡ್ರೈವರುಗಳು ಬಯ್ಯುತ್ತಿದ್ದರು, ಚಕ್ರ ಜಾರುತ್ತಿತ್ತು, ಹುರುಳಿ ಬಳ್ಳಿ ಅಡಿಗೆ ಸುತ್ತಿಕೊಂಡು ಹೊಗೆ ಬಂದದ್ದೂ ಉಂಟು. ಆದರೂ ಯಾರೂ ಬಿಡಲಿಲ್ಲ. ನಾವೂ ಬಿಡಲಿಲ್ಲ.

ನಮ್ಮೂರಿನ ರಸ್ತೆಯಲ್ಲಿ ಗಾಡಿಗಳೇ ಕಡಿಮೆ. ಬೆಳಗ್ಗೆ ಒಂದು ರೂಟ್ ಬಸ್ಸು, ಸಂಜೆ ಒಂದು, ನಡುವೆ ಎಲ್ಲೋ ಒಂದು ಲಾರಿ. ಅತ್ತೆಯ ಕಣ್ಣು ನಮ್ಮ ಸ್ಕೂಲ್ ಬಸ್ಸಿನ ಮೇಲೆ ಬಿತ್ತು.

"ಮಕ್ಕಳೆಲ್ಲ ಇಳ್ಕೊಂಡ್ ಮ್ಯಾಲೆ ಬಸ್ಸು ಹೆಂಗೂ ಬರೀದೇ ಹೋಗ್ತದಲ್ಲಮ್ಮಿ. ಹೋಗೋವಾಗ ನಾಲ್ಕು ಸಲ ಹಿಂದಕ್ಕೂ ಮುಂದಕ್ಕೂ ತುಳಿಸಿ ಹೋಗು ಅನ್ನು. ನಿನ್ನ ಮಾತು ಕೇಳ್ತಾನೆ" ಎಂದರು.

ನನ್ನ ಮಾತು ಕೇಳುತ್ತಾನೆ ಎಂಬುದೇ ನನ್ನ ತಲೆಗೇರಿತು ಅನ್ನಿಸುತ್ತದೆ. ಹೊಲದ ಕೆಲಸಕ್ಕೆ ಬಾರದ ಸೊಸೆ ಎಂಬ ಅಳುಕು ಒಳಗೆ ಇದ್ದೇ ಇತ್ತು. ಈಗ ಇಡೀ ಬಸ್ಸನ್ನೇ ಮನೆಯ ಕೆಲಸಕ್ಕೆ ಹಚ್ಚಬಹುದು! ಡ್ರೈವರಿಗೆ ಹೇಳಿದೆ. "ಅಯ್ಯೋ, ದಾನ್ಕೇಮಮ್ಮಾ, ಅದಕ್ಕೇನಂತೆ, ತುಳಿಸಿದ್ರಾಯ್ತು" ಎಂದು ನಕ್ಕ. ಹೀಗೆ ಶಾಲೆಯ ಬಸ್ಸು ನಮ್ಮ ಮನೆಯ ಎತ್ತಾಯಿತು. ಸ್ಟಾಪಿನ ಮುಂದೆಯೇ ರಾಗಿ ಹರವಿದೆವು. ಮಕ್ಕಳನ್ನು ಮರದ ಕೆಳಗೆ ನಿಲ್ಲಿಸಿ ನಾನು ಬಸ್ಸಿನ ಹಿಂದೆ ನಿಂತು "ಬರ್ಲಿ, ಬರ್ಲಿ" ಎನ್ನುವುದು, ಅಕ್ಕ ಮೆರೆಗೋಲು ಹಿಡಿದು ತುಳಿದ ಹುಲ್ಲನ್ನು ಮಗುಚುವುದು. ಎರಡು ಮೂರು ದಿನ ಚೆನ್ನಾಗಿಯೇ ನಡೆಯಿತು.

ಅಕ್ಕನಿಗೆ ನಾಲ್ಕು ವರ್ಷದ ಮಗಳಿದ್ದಳು. ಇನ್ನೂ ಶಾಲೆಗೆ ಸೇರಿಸಿರಲಿಲ್ಲ. ಸಾಯಂಕಾಲವಾದರೆ ನನಗಾಗಿ ರಸ್ತೆಗೆ ಬಂದು ಕಾಯುತ್ತಿದ್ದಳು. ನನಗಾಗಿ ಎಂದರೆ, ನಾನು ಶ್ರೀನಿವಾಸಪುರದಿಂದ ಸೆರಗಿನ ತುದಿಗೆ ಕಟ್ಟಿ ತರುತ್ತಿದ್ದ ಪೆಪ್ಪರಮಿಂಟಿಗಾಗಿ. ಬಸ್ಸು ನಿಲ್ಲುವ ಮೊದಲೇ "ಚಿಕ್ಕಮ್ಮಾ" ಎಂಬ ಕೂಗು ಕೇಳಿಸುತ್ತಿತ್ತು.

ಆ ದಿನ ಕೂಗು ಕೇಳಿಸಲಿಲ್ಲ. ಅದು ನನಗೆ ಹೊಳೆಯಲೂ ಇಲ್ಲ. ಚಳಿಗಾಳಿ ಬೀಸುತ್ತಿತ್ತು, ಮಕ್ಕಳು ಹಸಿದಿದ್ದರು. ಒಬ್ಬೊಬ್ಬರನ್ನೇ ಇಳಿಸಿ, ಮರದ ಕೆಳಗೆ ಕೈ ಕೈ ಹಿಡಿಸಿ ನಿಲ್ಲಿಸಿ, ಎಣಿಸಿದೆ. ಬಸ್ಸಿನ ಮಕ್ಕಳು ಎಲ್ಲರೂ ಇದ್ದರು. ಎಣಿಸಿ ಮುಗಿಸಿದ ಮೇಲೆ ಮನಸ್ಸು ಹಗುರಾಯಿತು. ಇನ್ನು ಭಯವಿಲ್ಲ ಎಂದುಕೊಂಡೆ. ಬಸ್ಸಿಗೆ ಹತ್ತದ, ಇಳಿಯದ ಮಗುವೊಂದು ನನ್ನ ಎಣಿಕೆಯಲ್ಲಿ ಇರಲೇ ಇಲ್ಲ.

ಬಸ್ಸು ಒಂದು ಸಲ ಮುಂದಕ್ಕೆ ತುಳಿದುಕೊಂಡು ಹೋಯಿತು. ಡ್ರೈವರು ಕಿಟಕಿಯಿಂದ ತಲೆ ಹಾಕಿ, "ಟೀಚರಮ್ಮಾ, ಇಂಕಾ ಒಂದ್ಸಾರಿ ಹೊಡೀಲಾ?" ಎಂದ. ಹೂಂ ಎಂದೆ. ಹಿಂದೆ ನಿಂತು ಬಾಡಿ ತಟ್ಟುತ್ತ "ಬರ್ಲಿ, ಬರ್ಲಿ" ಎಂದೆ. ರಸ್ತೆಯ ನಡುವಿನ ರಾಗಿಯೆಲ್ಲ ಚಪ್ಪಟೆಯಾಗಿ ಕಾಳು ಉದುರಿತ್ತು. ಎಡಗಡೆ ಅಂಚಿನಲ್ಲಿ ಮಾತ್ರ ಹುಲ್ಲು ದಪ್ಪಗೆ ಉಬ್ಬಿಕೊಂಡು ಹಾಗೇ ಉಳಿದಿತ್ತು. ನೋಡಿದರೆ ಹೊಟ್ಟೆ ಉರಿಯುವಂತೆ, ತೆನೆಗಳೆಲ್ಲ ಹಾಗೇ.

"ಎಡಕ್ಕೆ, ಇನ್ನೂ ಎಡಕ್ಕೆ ಬರ್ಲಿ" ಎಂದು ಕೂಗಿದೆ.

ಬಸ್ಸು ಎಡಕ್ಕೆ ಬಂತು. ನಾನು ಹಿಂದೆ ಹಿಂದೆ ಸರಿಯುತ್ತಾ ಬಂದೆ. ಆಗ ಉಬ್ಬಿದ್ದ ಹುಲ್ಲು ಸ್ವಲ್ಪ ಅಲುಗಾಡಿತು. ಹುಲ್ಲಿನ ಸಂದಿಯಲ್ಲಿ ಕೆಂಪು ಉಣ್ಣೆಯ ಕುಲಾವಿ ಕಾಣಿಸಿತು. ಹಿಂದಿನ ತಿಂಗಳು ನಾನೇ ಹೆಣೆದುಕೊಟ್ಟದ್ದು.

ಹೋಲ್ಡಾನ್ ಎಂದು ಕೂಗಿದೆನಂತೆ. ನನಗೆ ನೆನಪಿಲ್ಲ. ಎರಡೂ ಕೈಯಿಂದ ಬಸ್ಸಿಗೆ ಗುದ್ದಿದ್ದು ನೆನಪಿದೆ, ಕೈ ಊದಿಕೊಂಡು ವಾರ ಸೀಮೆಸುಣ್ಣ ಹಿಡಿಯಲಾಗಲಿಲ್ಲ. ಅವನು ಬ್ರೇಕು ಹಾಕಿದ. ರಾಗಿಯ ಮೇಲೆ ಬ್ರೇಕು ನಿಲ್ಲುತ್ತದೆಯೇ? ಚಕ್ರ ತಿರುಗುವುದು ನಿಂತರೂ ಬಸ್ಸು ಜಾರುತ್ತಲೇ ಬಂತು. ನಾನು ನೆಲಕ್ಕೆ ಬಿದ್ದು ಅಡಿಗೆ ತೂರಿ ಹುಲ್ಲಿನೊಳಗೆ ಕೈ ಹಾಕಿ ಸಿಕ್ಕಿದ್ದನ್ನು ಹಿಡಿದು ಎಳೆದೆ. ಮಗು ಬರಲಿಲ್ಲ. ಅವಳ ಲಂಗದ ಅಂಚು ಚಕ್ರದ ಕೆಳಗೆ ಸಿಕ್ಕಿಕೊಂಡಿತ್ತು. ಹಲ್ಲು ಕಚ್ಚಿ ಎಳೆದೆ, ಲಂಗ ಹರಿಯಿತು, ಅವಳು ನನ್ನ ಎದೆಯ ಮೇಲೆ ಬಿದ್ದಳು. ನಿದ್ದೆಗಣ್ಣಿನಲ್ಲಿ ನನ್ನನ್ನು ನೋಡಿ, "ಚಿಕ್ಕಮ್ಮಾ, ಪೆಪ್ಪರಮಿಂಟು" ಎಂದಳು.

ಒಂದು ಗಾಯವಿಲ್ಲ. ಊರೇ ಓಡಿಬಂತು. ಅವರು ಕಂಡದ್ದು ಇಷ್ಟು: ಬಸ್ಸಿನ ಅಡಿಯಿಂದ ಮಗುವನ್ನು ಅವಚಿಕೊಂಡು ತೆವಳಿ ಬರುತ್ತಿರುವ ಟೀಚರಮ್ಮ, ತಲೆ ತುಂಬ ರಾಗಿ ಹುಲ್ಲು, ಹರಿದ ಲಂಗದ ಚೂರು ಚಕ್ರದ ಕೆಳಗೆ. ಇನ್ನೇನು ಬೇಕು? ಅತ್ತೆ ನನಗೂ ಮಗುವಿಗೂ ಒಟ್ಟಿಗೇ ದೃಷ್ಟಿ ತೆಗೆದು ತೆಂಗಿನಕಾಯಿ ಒಡೆದರು. ಅಕ್ಕ ನನ್ನ ಊದಿದ ಕೈಗಳನ್ನು ತನ್ನ ಕಣ್ಣಿಗೆ ಒತ್ತಿಕೊಂಡಳು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ "ತಾಯಿ ಹೆತ್ತಳು, ಚಿಕ್ಕಮ್ಮ ಉಳಿಸಿದಳು" ಎಂದರು, ಎಲ್ಲರೂ ಹೌದು ಹೌದು ಎಂದರು. ತೆರೆದ ಬಾಯಿ ಮುಚ್ಚಿಕೊಂಡೆ.

ಡ್ರೈವರು ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಕೂತುಬಿಟ್ಟಿದ್ದ. ಊರಿನವರಲ್ಲಿ ಕೆಲವರು ಅವನಿಗೆ ಹೊಡೆಯಲು ಹೋದರು. ನಾನು ಅಡ್ಡ ನಿಂತು, ಅವನ ತಪ್ಪಿಲ್ಲ ಎಂದು ಕಿರುಚಿದೆ. ಅದರಿಂದ ನನ್ನ ದೊಡ್ಡತನ ಇನ್ನೂ ಹೆಚ್ಚಾಯಿತು. ಯಾರ ತಪ್ಪು ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮಾರನೆಯ ದಿನ ಬಸ್ಸು ಹತ್ತುವಾಗ ಅವನು ತಗ್ಗಿದ ದನಿಯಲ್ಲಿ, "ಟೀಚರಮ್ಮಾ, ಇನ್ ಮ್ಯಾಲೆ ರಾಗಿ ಮಾತ್ರ ಬ್ಯಾಡ" ಎಂದ. ಬೇಡ ಎಂದೆ. ನಾನು ಎಡಕ್ಕೆ ಎಂದು ಕೂಗಿದ್ದನ್ನು ಅವನು ಕೇಳಿಸಿಕೊಂಡಿದ್ದ, ಕೇಳಿಸಿಕೊಂಡದ್ದಕ್ಕೇ ತಾನೇ ತಿರುಗಿಸಿದ್ದು. ಆದರೆ ಆ ಮಾತನ್ನು ಅವನು ಒಮ್ಮೆಯೂ ಎತ್ತಲಿಲ್ಲ.

ಶಾಲೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಹೆಡ್ಮಾಸ್ಟರು ನನ್ನನ್ನು ಮುಂದೆ ಕರೆದು ಮಕ್ಕಳಿಂದ ಚಪ್ಪಾಳೆ ತಟ್ಟಿಸಿದರು. ಬಸ್ಸಿನ ಬಗ್ಗೆ ಮಕ್ಕಳಿಗೆ ನಾಲ್ಕು ಬುದ್ಧಿಮಾತು ಹೇಳಿ ಎಂದರು. ಹೇಳಿದೆ. ಬಸ್ಸಿನ ಹಿಂದೆ ನಿಲ್ಲಬಾರದು, ಡ್ರೈವರಿಗೆ ಹಿಂದೆ ಏನಿದೆ ಎಂದು ಕಾಣುವುದಿಲ್ಲ, ದೊಡ್ಡವರು ಹೇಳಿದ ಹಾಗೆ ಕೇಳಬೇಕು. ಹೇಳೋದು ಆಚಾರ, ತಿನ್ನೋದು ಬದನೇಕಾಯಿ ಎನ್ನುತ್ತಾರಲ್ಲ, ಅದು ನನಗೆ ಎಷ್ಟು ಸರಿಯಾಗಿ ಒಪ್ಪುತ್ತದೆ ಎಂದು ಅಲ್ಲೇ ನಿಂತು ಯೋಚಿಸಿದೆ. ಮಕ್ಕಳು ಮತ್ತೆ ಚಪ್ಪಾಳೆ ತಟ್ಟಿದರು.

ಆ ರಾಗಿಯನ್ನು ಏನು ಮಾಡಿದಿರಿ ಎಂದು ಕೇಳಬಹುದು. ತೂರಿ, ಒಣಗಿಸಿ, ಬೀಸಿಸಿ ವರ್ಷವಿಡೀ ಮುದ್ದೆ ಮಾಡಿ ತಿಂದೆವು. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ. ಇಳಿಯಿತು. ಬಸ್ಸಾರಿನ ಜೊತೆ ಚೆನ್ನಾಗಿಯೇ ಇಳಿಯಿತು. ಮುಂದಿನ ವರ್ಷ ಅತ್ತೆ ಮತ್ತೆ ರಸ್ತೆಗೇ ರಾಗಿ ಹಾಕಿಸಿದರು, ಸ್ಟಾಪಿನಿಂದ ಸ್ವಲ್ಪ ದೂರಕ್ಕೆ. ನಾನು ಬೇಡ ಎಂದು ಜಗಳವಾಡಿದೆ. "ನೀನಿರೋವಾಗ ಏನು ಭಯ ಬುಡು" ಎಂದರು. ಆ ದಿನಗಳಲ್ಲಿ ಬಸ್ಸು ಬರುವ ಮೊದಲು ಹುಲ್ಲನ್ನೆಲ್ಲ ಕೋಲಿನಿಂದ ತಿವಿದು ನೋಡಿ ಎಂದು ಗಂಡನಿಗೂ ಭಾವನಿಗೂ ಹೇಳಿ ಕಾಡುತ್ತಿದ್ದೆ. ಹುಚ್ಚು ಹಿಡಿದಿದೆ ಎಂದುಕೊಂಡರು. ಆಮೇಲಿನ ವರ್ಷಗಳಲ್ಲಿ ಶಾಲೆಯ ಮಕ್ಕಳ ಕಿವಿ ಕೆಂಪಗಾಗುತ್ತಿದ್ದುದಕ್ಕೆ ಕಾರಣ ನನ್ನ ಕರ್ತವ್ಯನಿಷ್ಠೆಯಲ್ಲ, ಅದು ನನ್ನ ಭಯ. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಆ ಬೇಲಿಗೆ ಮುಳ್ಳು ಜಾಸ್ತಿಯಾಗುತ್ತದೆ, ಅಷ್ಟೇ.

ಅಕ್ಕ ಮಾತ್ರ ಬದಲಾಗಿಬಿಟ್ಟಳು. ಮೊದಲೂ ಒಳ್ಳೆಯವಳೇ, ಈಗ ಅದು ಸೇವೆಯಾಯಿತು. ನನ್ನ ಪಾಲಿನ ಪಾತ್ರೆ ಅವಳೇ ತೊಳೆಯುತ್ತಿದ್ದಳು. ತೋಟದ ಮೊದಲ ಮಾವಿನಹಣ್ಣು ನನ್ನ ತಟ್ಟೆಗೆ. ನನಗೆ ಜ್ವರ ಬಂದರೆ ಅವಳು ಉಪವಾಸ. ಮಗಳನ್ನು ನಮ್ಮ ಶಾಲೆಗೇ ಸೇರಿಸಿ ಮೊದಲ ದಿನ ಬಸ್ಸಿನ ಮೆಟ್ಟಿಲ ಮೇಲೆ ನನ್ನ ಕೈಗೆ ಕೊಡುತ್ತಾ, "ನೀನು ಉಳಿಸ್ಕೊಟ್ಟ ಮಗು ಕಣೇ, ನಿನ್ಗೇ ಬಿಟ್ಟಿದೀನಿ" ಎಂದಳು. ಆ ದಿನ ದಾರಿಯುದ್ದಕ್ಕೂ ಹುಡುಗಿಯ ಕೈ ಬಿಡಲಿಲ್ಲ. ಬೆವರುತ್ತದೆ ಬಿಡು ಚಿಕ್ಕಮ್ಮ ಎಂದು ಅವಳು ಕೊಸರಾಡಿದಳು.

ಇದನ್ನು ಎಷ್ಟು ವರ್ಷ ಸಹಿಸುವುದು? ಬಯ್ಗುಳ ಸಹಿಸಬಹುದು, ಸುಳ್ಳಿಗೆ ಸಿಗುವ ಪ್ರೀತಿಯನ್ನು ಸಹಿಸುವುದು ಕಷ್ಟ. ಒಮ್ಮೊಮ್ಮೆ ಅಕ್ಕನ ಮೇಲೆಯೇ ರೇಗುತ್ತಿದ್ದೆ. "ನನ್ನ ಪಾತ್ರೆ ನಾನು ತೊಳೀತೀನಿ, ನನಗೇನು ಕೈ ಇಲ್ವಾ?" ಎಂದು ಕಿರುಚುತ್ತಿದ್ದೆ. ಅವಳು ಸುಮ್ಮನೆ ನಗುತ್ತಿದ್ದಳು, ಆಮೇಲೆ ಆ ಪಾತ್ರೆಯನ್ನೂ ತೊಳೆಯುತ್ತಿದ್ದಳು.

ಹುಡುಗಿ ಏಳನೆಯ ಕ್ಲಾಸಿನಲ್ಲಿದ್ದಾಗಿನ ಮಾತು. ಅವರೆಕಾಯಿಯ ಕಾಲ. ಭಾನುವಾರ ಮಧ್ಯಾಹ್ನ ಹಿತ್ತಲಿನಲ್ಲಿ ನಾನೂ ಅಕ್ಕನೂ ನೆನೆಸಿದ ಅವರೆಕಾಳನ್ನು ಮುಂದಿಟ್ಟುಕೊಂಡು ಹಿತುಕುತ್ತಾ ಕೂತಿದ್ದೆವು. ಬೇಳೆ ಪಾತ್ರೆಗೆ ಬೀಳುತ್ತಿತ್ತು, ಸಿಪ್ಪೆ ಬೆರಳಿನಲ್ಲಿ ಉಳಿಯುತ್ತಿತ್ತು. ಅತ್ತೆ ಮಲಗಿದ್ದರು, ಗಂಡಸರು ತೋಟದಲ್ಲಿದ್ದರು. ಅಕ್ಕ ತನ್ನ ಬೇಳೆಯಲ್ಲಿ ಒಳ್ಳೆಯದನ್ನೆಲ್ಲ ಆರಿಸಿ, "ನಿನ್ಗೆ ಉಪ್ಪಿಟ್ಟಿಗೆ" ಎಂದು ಬೇರೆ ಬಟ್ಟಲಿಗೆ ಹಾಕುತ್ತಿದ್ದಳು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಅಕ್ಕಾ, ಆವತ್ತು ಬಸ್ಸು ತಾನಾಗೇ ಆ ಕಡೆ ಬರ್ಲಿಲ್ಲ. ಎಡಕ್ಕೆ ಬಾ ಅಂತ ಕೂಗಿದೋಳು ನಾನು. ರಾಗಿ ತುಳೀಲಿ ಅಂತ" ಎಂದೆ.

ಅವಳ ಬೆರಳುಗಳು ನಿಲ್ಲಲಿಲ್ಲ. ಒಂದು ಕಾಳು, ಇನ್ನೊಂದು ಕಾಳು ಹಿತುಕಿದಳು.

"ಗೊತ್ತು. ಕೇಳಿಸ್ತು" ಎಂದಳು.

ಇಷ್ಟು ವರ್ಷ ಗೊತ್ತಿದ್ದೂ ನನ್ನ ಪಾತ್ರೆ ತೊಳೆದಳೇ? ನನ್ನನ್ನು ಅಣಕಿಸುತ್ತಿದ್ದಳೇ? ಅವಳ ಮುಖ ನೋಡಿದೆ. ಅಣಕವಿರಲಿಲ್ಲ.

"ಬಸ್ಸಿಗೆ ಕಾದು ಕಾದು ಅವ್ಳು ತೂಗಡಿಸ್ತಾ ಇದ್ಲು. ಚಳಿ ಅಂತ ಅಂಚಿನ ಹುಲ್ಲಲ್ಲಿ ಮಲಗಿಸಿ, ಮ್ಯಾಲೆ ಹುಲ್ಲು ಮುಚ್ಚಿದೋಳು ನಾನೇ. ಬಸ್ಸು ನಡುವೇಲೇ ಹೋಗ್ತದೆ, ಅಂಚಿಗೇನ್ ಬರ್ತದೆ ಅಂದ್ಕೊಂಡೆ" ಎಂದಳು.

"ಅದು ತಪ್ಪಲ್ಲಕ್ಕಾ. ನಾನು ಕೂಗದಿದ್ರೆ ಬಸ್ಸು ಬರ್ತಾನೇ ಇರ್ಲಿಲ್ಲ."

"ಸುಮ್ನಿರು, ಕೇಳು." ಅವಳ ಕೈ ಈಗ ನಿಂತಿತು. "ನೀನು ಎಡಕ್ಕೆ ಅಂದಾಗ ನಾನು ಅಲ್ಲೇ ಇದ್ದೆ, ಕೋಲು ಹಿಡ್ಕೊಂಡು. ನನಗೆ ಏನನ್ನಿಸ್ತು ಗೊತ್ತಾ? ಒಳ್ಳೇದಾಯ್ತು, ಅಂಚೂ ತುಳೀತದೆ ಅನ್ನಿಸ್ತು. ಸಂತೋಷ ಆಯ್ತು ಕಣೇ. ಮಗು ಅಲ್ಲೈತೆ ಅನ್ನೋದು ಮರ್ತೇ ಹೋಗಿತ್ತು. ನೀನು ಬಡ್ಕೊಂಡಾಗ ನೆನಪಾಯ್ತು."

ಹಿತ್ತಲಿನಲ್ಲಿ ಕೋಳಿಗಳು ಅವರೆ ಸಿಪ್ಪೆಯನ್ನು ಕೆದಕುತ್ತಿದ್ದವು. ಅವಳ ಕೈ ಹಿಡಿದುಕೊಳ್ಳಲು ಹೋದೆ, ಅವಳು ಹಿಂದಕ್ಕೆ ಎಳೆದುಕೊಂಡಳು.

"ನೀನು ಇದನ್ನ ಇನ್ನೊಂದ್ಸಲ ಎತ್ತಬ್ಯಾಡ. ನಿನ್ ತಪ್ಪು ನೀನು ಹೇಳ್ಕೊಂಡ್ರೆ, ನನ್ನದೂ ನಾನು ಹೇಳ್ಬೇಕಾಗ್ತದೆ. ನೀನು ಮಗೂನ ಉಳಿಸಿದೋಳಾಗೇ ಇರು. ನೀನು ಹಂಗಿದ್ರೇನೇ ನಾನು ಅವ್ಳಿಗೆ ತಾಯಿಯಾಗಿ ಇರೋಕಾಗೋದು" ಎಂದಳು.

ಅಷ್ಟರಲ್ಲಿ ಹುಡುಗಿ ಎಲ್ಲಿಂದಲೋ ಕುಣಿಯುತ್ತಾ ಬಂದು ನಮ್ಮ ನಡುವೆ ತೂರಿಕೊಂಡು ಕೂತಳು. ನಮ್ಮಿಬ್ಬರ ಮುಖ ನೋಡಿ, "ಏನ್ ಮಾತಾಡ್ತಿದ್ರಿ?" ಎಂದಳು.

"ನಿಮ್ ಚಿಕ್ಕಮ್ಮ ನಿನ್ನ ಬಸ್ಸಿನಡಿಯಿಂದ ಎಳೆದ ಕತೆ" ಎಂದಳು ಅಕ್ಕ.

"ಹೇಳಮ್ಮಾ ಹೇಳಮ್ಮಾ" ಎಂದು ಅವಳು ತಾಯಿಯ ತೊಡೆಯ ಮೇಲೆ ತಲೆಯಿಟ್ಟಳು. ನೂರು ಸಲ ಕೇಳಿದ ಕತೆ.

ಅಕ್ಕ ಶುರು ಮಾಡಿದಳು. ಚಳಿಗಾಳಿ ಬೀಸುತ್ತಿತ್ತಂತೆ, ನೀನು ಆಡ್ತಾ ಆಡ್ತಾ ಹೋಗಿ ಹುಲ್ಲಲ್ಲಿ ಮಲಗಿಬಿಟ್ಟಿದ್ದೆಯಂತೆ, ಯಾರೂ ನೋಡಿರಲಿಲ್ಲವಂತೆ, ಬಸ್ಸು ಜಾರಿ ಜಾರಿ ಆ ಕಡೆ ಬಂತಂತೆ. ಅಲ್ಲಿ ನಿಲ್ಲಿಸಿ ನನ್ನನ್ನು ನೋಡಿದಳು. ಹುಡುಗಿಯೂ ತಲೆಯೆತ್ತಿ ನನ್ನ ಕಡೆ ತಿರುಗಿದಳು.

"ಹೌದಾ ಚಿಕ್ಕಮ್ಮ?"

"ಹೌದು" ಎಂದೆ.